ಸುಂಕದ ಕಟ್ಟೆಯಲ್ಲಿ ತಡೆಯಬೇಕಾದ ಅಣ್ವಸ್ತ್ರ

ಅಣುಬಾಂಬನ್ನಾಗಲಿ, ವಿಷಾನಿಲದ ಸಿಡಿತಲೆಯನ್ನಾಗಲಿ, ದೂರಗಾಮಿ ಕ್ಷಿಪಣಿಯನ್ನಾಗಲಿ ಗುಟ್ಟಾಗಿ ತಯಾರಿಸಲು ಹೊರಟ ದೇಶ ಅದನ್ನು ಇಡಿಯಾಗಿ ಎಲ್ಲಿಂದಲೂ ಕೊಂಡು ತರುವುದಿಲ್ಲ. ಅದಕ್ಕೆ ಬೇಕಾದ ಲೋಹ, ರಾಸಾಯನಿಕ, ಪಂಪು, ಕವಾಟ, ಮಾಪಕ, ಯಂತ್ರ ಮತ್ತು ನಕ್ಷೆಗಳನ್ನು ಹಲವು ದೇಶಗಳಿಂದ ಬಿಡಿಬಿಡಿಯಾಗಿ, ಸಾಮಾನ್ಯ ವ್ಯಾಪಾರದ ಹೆಸರಿನಲ್ಲಿ ತರಿಸಿಕೊಳ್ಳುತ್ತದೆ. ಈ ಸರಕುಗಳಲ್ಲಿ ಹೆಚ್ಚಿನವು ನೋಡಲು ಆಯುಧಗಳಂತಿರುವುದಿಲ್ಲ, ಅವುಗಳ ಬಹುಪಾಲು ಬಳಕೆಯೂ ಆಯುಧಕ್ಕಲ್ಲ. ಬಾಲ್‌ಪಾಯಿಂಟ್ ಪೆನ್ನಿನ ಶಾಯಿಯಲ್ಲಿ ಬಳಸುವ ಥಯೋಡೈಗ್ಲೈಕಾಲ್ ಎಂಬ ದ್ರವದಿಂದ ಮಸ್ಟರ್ಡ್ ಅನಿಲವನ್ನು ತಯಾರಿಸಬಹುದು. ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಡೆಯುವ ಆಸ್ಪತ್ರೆಯ ಯಂತ್ರದಲ್ಲಿರುವ ಸ್ಪಾರ್ಕ್ ಗ್ಯಾಪ್ ಎಂಬ ವಿದ್ಯುತ್ ಸ್ವಿಚ್ಚು ಅಣ್ವಸ್ತ್ರವನ್ನು ಸಿಡಿಸುವ ವ್ಯವಸ್ಥೆಗೂ ಒದಗುತ್ತದೆ. ಮರೇಜಿಂಗ್ ಉಕ್ಕು ಎಂಬ ಅತಿಗಟ್ಟಿ ಮಿಶ್ರಲೋಹದಿಂದ ಗಾಲ್ಫ್ ದಾಂಡಿನ ತುದಿಯನ್ನು ಮಾಡುವಂತೆಯೇ ಯುರೇನಿಯಂ ಬೇರ್ಪಡಿಸುವ ಸೆಂಟ್ರಿಫ್ಯೂಜಿನ ತಿರುಗುಗೊಳವೆಯನ್ನೂ ಮಾಡಬಹುದು. ನಾಗರಿಕ ಉದ್ದೇಶಕ್ಕೂ ಸೇನಾ ಉದ್ದೇಶಕ್ಕೂ ಸಲ್ಲುವ ಇಂಥ ವಸ್ತುಗಳನ್ನು ದ್ವಿಬಳಕೆಯ ಸರಕುಗಳೆಂದು ಕರೆಯಲಾಗುತ್ತದೆ.

ಇವುಗಳ ವ್ಯಾಪಾರವನ್ನೇ ನಿಷೇಧಿಸಿದರೆ ಕೈಗಾರಿಕೆಯೂ ವೈದ್ಯಕೀಯವೂ ನಿಂತುಹೋಗುತ್ತವೆ, ಸುಮ್ಮನೆ ಬಿಟ್ಟರೆ ಅಸ್ತ್ರಗಳು ಹರಡುತ್ತವೆ. ಆದ್ದರಿಂದ ಸರ್ಕಾರಗಳು ಇಂಥ ಸರಕುಗಳ ಪಟ್ಟಿಯೊಂದನ್ನು ಮಾಡಿ, ಪಟ್ಟಿಯಲ್ಲಿರುವುದನ್ನು ಹೊರದೇಶಕ್ಕೆ ಕಳಿಸುವ ಮುನ್ನ ಪರವಾನಗಿ ಪಡೆಯಬೇಕೆಂದು ವಿಧಿಸಿ, ಅದನ್ನು ಕೊನೆಗೆ ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದನ್ನು ವಿಚಾರಿಸಿದ ಮೇಲಷ್ಟೇ ಅನುಮತಿ ಕೊಡುತ್ತವೆ. ಈ ಏರ್ಪಾಡಿನ ಹೆಸರೇ ರಫ್ತು ನಿಯಂತ್ರಣ. ಪರವಾನಗಿಯಿಲ್ಲದೆ ಹೊರಟ ಸರಕನ್ನು ಬಂದರು, ವಿಮಾನ ನಿಲ್ದಾಣ ಮತ್ತು ಗಡಿಯ ಸುಂಕದ ಕಟ್ಟೆಗಳಲ್ಲಿ ಗುರುತಿಸಿ ತಡೆಯುವ ಕೆಲಸ ಇದರ ಇನ್ನೊಂದು ಅಂಗವಾಗಿದ್ದು, ಗಡಿ ಭದ್ರತೆ ಎಂಬುದು ಈ ಸಂದರ್ಭದಲ್ಲಿ ಸೈನಿಕರ ಕಾವಲಿಗಿಂತ ಹೆಚ್ಚಾಗಿ ಕಸ್ಟಮ್ಸ್ ಅಧಿಕಾರಿಗಳ ಪರಿಶೀಲನೆಗೆ ಸಂಬಂಧಿಸಿದ್ದು. ಇವೆರಡನ್ನೂ ಸ್ವಂತ ಬಲದಿಂದ ಕಟ್ಟಿಕೊಳ್ಳಲಾಗದ ದೇಶಗಳಿಗೆ ಇತರ ದೇಶಗಳೂ ಅಂತರರಾಷ್ಟ್ರೀಯ ಸಂಸ್ಥೆಗಳೂ ಕಳೆದ ಮೂರು ದಶಕಗಳಿಂದ ಕಾನೂನು, ತರಬೇತಿ ಮತ್ತು ಉಪಕರಣಗಳ ರೂಪದಲ್ಲಿ ನೆರವು ಕೊಡುತ್ತ ಬಂದಿವೆ. ಯಂತ್ರವನ್ನು ಕೊಡುವುದು ಸುಲಭ, ಗಡಿಯಲ್ಲಿ ನಿಲ್ಲುವ ಅಧಿಕಾರಿಗೆ ತಿಳಿವಳಿಕೆಯನ್ನೂ ಕಾನೂನಿನ ಬೆಂಬಲವನ್ನೂ ಒದಗಿಸುವುದು ಕಷ್ಟ, ಆದರೆ ಫಲ ಕೊಟ್ಟಿರುವುದು ಎರಡನೆಯದೇ ಎಂಬುದು ಈ ನೆರವಿನ ಇತಿಹಾಸವನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ.

ರಫ್ತು ನಿಯಂತ್ರಣ ಮೊದಲಿಗೆ ಶ್ರೀಮಂತ ದೇಶಗಳ ಕೂಟಗಳಲ್ಲಿ ಬೆಳೆಯಿತು. ಸೋವಿಯತ್ ಬಣಕ್ಕೆ ತಂತ್ರಜ್ಞಾನ ಸಿಗದಂತೆ ನೋಡಿಕೊಳ್ಳಲು ಪಾಶ್ಚಾತ್ಯ ರಾಷ್ಟ್ರಗಳು 1949ರಲ್ಲಿ ಕೊಕಾಮ್ ಎಂಬ ಸಮಿತಿಯನ್ನು ಸ್ಥಾಪಿಸಿಕೊಂಡವು. 1974ರಲ್ಲಿ ಭಾರತ ಪೋಖರಣ್‌ನಲ್ಲಿ ಅಣುಸ್ಫೋಟ ನಡೆಸಿದ ಬಳಿಕ ಪರಮಾಣು ಪೂರೈಕೆದಾರರ ಗುಂಪು ಹುಟ್ಟಿಕೊಂಡಿತು. ಇರಾನ್–ಇರಾಕ್ ಯುದ್ಧದಲ್ಲಿ ರಾಸಾಯನಿಕ ಅಸ್ತ್ರಗಳು ಬಳಕೆಯಾದದ್ದರಿಂದ ಎಚ್ಚೆತ್ತ ದೇಶಗಳು 1985ರಲ್ಲಿ ಆಸ್ಟ್ರೇಲಿಯಾ ಗುಂಪನ್ನು ಕಟ್ಟಿದವು, 1987ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ ರೂಪುಗೊಂಡಿತು. ಕೊಕಾಮ್ ವಿಸರ್ಜನೆಯಾದ ಮೇಲೆ 1996ರಲ್ಲಿ ವಾಸೆನಾರ್ ಒಪ್ಪಂದ ಬಂದಿತು. ತಯಾರಿಸುವವರು ಕೂಡಿ ಪಟ್ಟಿಯೊಂದನ್ನು ಒಪ್ಪಿಕೊಂಡರೆ ಸಾಕು, ಸರಕು ಎಲ್ಲಿಗೂ ಸೋರದು ಎಂಬುದು ಈ ಕೂಟಗಳ ನಂಬಿಕೆಯಾಗಿತ್ತು. ಸರಕು ಹಾದುಹೋಗುವ ದೇಶಗಳನ್ನು, ಅಂದರೆ ದೊಡ್ಡ ಬಂದರುಗಳಿದ್ದೂ ಯಾವ ನಿಯಂತ್ರಣವೂ ಇಲ್ಲದ ನಾಡುಗಳನ್ನು ಅವು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲನ್ನು ತೆರೆದಿಟ್ಟಂತಹ ಈ ಸ್ಥಿತಿ ಎಲ್ಲರ ಕಣ್ಣಿಗೂ ಕಾಣಿಸಿದ್ದು 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ.

ಒಂದೇ ದೇಶವಾಗಿದ್ದದ್ದು ಹದಿನೈದು ದೇಶಗಳಾಗಿ ಒಡೆಯಿತು. ಅಣ್ವಸ್ತ್ರಗಳು ರಷ್ಯಾದಲ್ಲಷ್ಟೇ ಅಲ್ಲದೆ ಉಕ್ರೇನ್, ಬೆಲಾರೂಸ್ ಮತ್ತು ಕಜಾಕಸ್ತಾನಗಳಲ್ಲೂ ಉಳಿದುಕೊಂಡವು. ಅಣುಸಾಮಗ್ರಿಗಳೂ ಪ್ರಯೋಗಾಲಯಗಳೂ ಕ್ಷಿಪಣಿ ಕಾರ್ಖಾನೆಗಳೂ ಎಲ್ಲೆಡೆ ಚದುರಿಹೋಗಿದ್ದವು. ಅದುವರೆಗೆ ಜಿಲ್ಲಾ ಗಡಿಗಳಂತಿದ್ದ ಗೆರೆಗಳು ರಾತ್ರೋರಾತ್ರಿ ಅಂತರರಾಷ್ಟ್ರೀಯ ಗಡಿಗಳಾದವು, ಆದರೆ ಅವುಗಳ ಮೇಲೆ ಠಾಣೆಯಿರಲಿಲ್ಲ, ಸುಂಕದ ಕಟ್ಟೆಯಿರಲಿಲ್ಲ, ಏಕೆಂದರೆ ಒಕ್ಕೂಟದ ಕಾಲದಲ್ಲಿ ವಿದೇಶ ವ್ಯಾಪಾರದ ಎಲ್ಲ ತೀರ್ಮಾನಗಳೂ ಮಾಸ್ಕೋದಲ್ಲೇ ಆಗುತ್ತಿದ್ದವು. ರಷ್ಯಾ ಮತ್ತು ಕಜಾಕಸ್ತಾನಗಳ ನಡುವಿನ ಗಡಿಯೊಂದೇ 7,500 ಕಿಲೋಮೀಟರಿಗೂ ಉದ್ದವಾದದ್ದು. ಸಂಬಳ ನಿಂತುಹೋದ ವಿಜ್ಞಾನಿಗಳು, ಕಾವಲಿಲ್ಲದ ಉಗ್ರಾಣಗಳು, ಲಂಚಕ್ಕೆ ಒಲಿಯಬಹುದಾದ ಗಡಿಸಿಬ್ಬಂದಿ, ಇವೆಲ್ಲ ಒಟ್ಟಿಗೆ ಸೇರಿದಾಗ ಏನಾಗಬಹುದೆಂಬ ಭಯ ಆ ವರ್ಷಗಳಲ್ಲಿ ಆಧಾರವಿಲ್ಲದ್ದೇನೂ ಆಗಿರಲಿಲ್ಲ.

ಅಮೆರಿಕದ ಸೆನೆಟರುಗಳಾದ ಸ್ಯಾಮ್ ನನ್ ಮತ್ತು ರಿಚರ್ಡ್ ಲೂಗರ್ ಬೇರೆ ಬೇರೆ ಪಕ್ಷದವರಾಗಿದ್ದೂ ಜೊತೆಗೂಡಿ 1991ರಲ್ಲೇ ಒಂದು ಕಾನೂನನ್ನು ತಂದು, ಹಳೆಯ ಶತ್ರುವಿನ ಅಸ್ತ್ರಗಳನ್ನು ಭದ್ರಪಡಿಸಲು ಮತ್ತು ನಾಶಪಡಿಸಲು ಅಮೆರಿಕದ ಬೊಕ್ಕಸದಿಂದ ಹಣ ಒದಗುವಂತೆ ಮಾಡಿದರು. ಎದುರಾಳಿಯ ದೌರ್ಬಲ್ಯ ತನಗೂ ಅಪಾಯವೇ ಎಂಬ ವಿವೇಕದಿಂದ ಹುಟ್ಟಿದ ಈ ಕಾನೂನು ಇಪ್ಪತ್ತನೆಯ ಶತಮಾನದ ವಿದೇಶಾಂಗ ನೀತಿಯಲ್ಲಿ ನಿಜಕ್ಕೂ ದೊಡ್ಡ ಮನಸ್ಸಿನ ಹೆಜ್ಜೆ. ಕಜಾಕಸ್ತಾನದ ಉಸ್ತ್-ಕಮೆನೊಗೊರ್ಸ್ಕ್ ನಗರದ ಉಲ್ಬಾ ಲೋಹ ಕಾರ್ಖಾನೆಯ ಉಗ್ರಾಣದಲ್ಲಿ ಬಿದ್ದಿದ್ದ ಸುಮಾರು 600 ಕಿಲೋಗ್ರಾಂ ಪುಷ್ಟೀಕರಿಸಿದ ಯುರೇನಿಯಂ, ಅಂದರೆ ಬಾಂಬಿಗೆ ಸಲ್ಲುವಷ್ಟು ಪ್ರಮಾಣದಲ್ಲಿ ಯುರೇನಿಯಂ-235 ಅಂಶವನ್ನು ಹೆಚ್ಚಿಸಿದ ಲೋಹ, 1994ರ ನವೆಂಬರಿನಲ್ಲಿ ಆ ದೇಶದ ಸಮ್ಮತಿಯೊಂದಿಗೆ ವಿಮಾನಗಳಲ್ಲಿ ಅಮೆರಿಕಕ್ಕೆ, ಅಲ್ಲಿಂದ ಓಕ್ ರಿಜ್‌ಗೆ ಸಾಗಿತು. ಇಪ್ಪತ್ತಕ್ಕೂ ಹೆಚ್ಚು ಬಾಂಬುಗಳಿಗೆ ಸಾಲುತ್ತಿದ್ದ ಸಾಮಗ್ರಿ ಅದು. ಆದರೆ ಎಲ್ಲ ಸಾಮಗ್ರಿಯನ್ನೂ ಹೀಗೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಅದೇ 1994ರ ಆಗಸ್ಟಿನಲ್ಲಿ ಮಾಸ್ಕೋದಿಂದ ಬಂದ ವಿಮಾನದಲ್ಲಿದ್ದ ಪ್ಲುಟೋನಿಯಂ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿತ್ತು, ಡಿಸೆಂಬರಿನಲ್ಲಿ ಪ್ರಾಗ್ ನಗರದಲ್ಲಿ 2.7 ಕಿಲೋಗ್ರಾಂ ಪುಷ್ಟೀಕರಿಸಿದ ಯುರೇನಿಯಂ ಪತ್ತೆಯಾಯಿತು. ಉಗ್ರಾಣಕ್ಕೆ ಬೀಗ ಹಾಕುವುದು ಮೊದಲ ರಕ್ಷಣೆಯಾದರೆ, ಬೀಗ ಒಡೆದು ಹೊರಬಿದ್ದದ್ದನ್ನು ಗಡಿಯಲ್ಲಿ ಹಿಡಿಯುವುದು ಎರಡನೆಯದು ಎಂಬ ವಿಚಾರ ಬಲಗೊಂಡದ್ದು ಹೀಗೆ. ಅಮೆರಿಕದ ಇಂಧನ ಇಲಾಖೆ 1998ರಲ್ಲಿ ಆರಂಭಿಸಿದ ಕಾರ್ಯಕ್ರಮಕ್ಕೆ ಎರಡನೇ ರಕ್ಷಣಾ ಸಾಲು ಎಂದೇ ಹೆಸರಾಯಿತು; ಮಾಸ್ಕೋದ ಷೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ವಿಕಿರಣ ಪತ್ತೆಯಂತ್ರಗಳನ್ನು ನಿಲ್ಲಿಸುವುದರೊಂದಿಗೆ ಅದು ಮೊದಲಾಯಿತು.

ವಿಕಿರಣ ದ್ವಾರಮಾಪಕ ಎಂದು ಕರೆಯಬಹುದಾದ ಈ ಯಂತ್ರವೆಂದರೆ ರಸ್ತೆಯ ಎರಡೂ ಬದಿಯಲ್ಲಿ ನಿಲ್ಲಿಸಿದ ಎತ್ತರದ ಕಂಬಗಳು. ನಡುವೆ ಲಾರಿ ನಿಧಾನವಾಗಿ ಹಾದುಹೋದಾಗ ಅದರಿಂದ ಹೊಮ್ಮುವ ಗಾಮಾ ಕಿರಣಗಳನ್ನೂ ನ್ಯೂಟ್ರಾನ್‌ಗಳನ್ನೂ ಅಳೆದು, ಪ್ರಮಾಣ ಮೀರಿದರೆ ಗಂಟೆ ಬಾರಿಸುತ್ತವೆ. ತೊಂದರೆಯೆಂದರೆ ನಿಸರ್ಗದಲ್ಲೇ ವಿಕಿರಣವಿರುವ ಸರಕುಗಳು ಅನೇಕ. ಬಾಳೆಹಣ್ಣು, ಪೊಟ್ಯಾಷಿಯಂ ಗೊಬ್ಬರ, ಪಿಂಗಾಣಿ ಹೆಂಚು, ಗ್ರಾನೈಟ್ ಚಪ್ಪಡಿ ಇವೆಲ್ಲವೂ ಗಂಟೆ ಬಾರಿಸಬಲ್ಲವು, ಅಣುವೈದ್ಯಕೀಯ ಚಿಕಿತ್ಸೆ ಪಡೆದು ಮನೆಗೆ ಹೊರಟ ರೋಗಿಯೂ ಬಾರಿಸಬಲ್ಲನು. ಇನ್ನೊಂದೆಡೆ, ಪುಷ್ಟೀಕರಿಸಿದ ಯುರೇನಿಯಂನಿಂದ ಹೊಮ್ಮುವ ವಿಕಿರಣ ತೀರ ಕ್ಷೀಣವಾದದ್ದರಿಂದ ಅದನ್ನು ಸೀಸದ ಹೊದಿಕೆಯಲ್ಲಿ ಮುಚ್ಚಿಟ್ಟರೆ ಯಂತ್ರ ಮೌನವಾಗಿಯೇ ಉಳಿಯಬಹುದು. ದಿನಕ್ಕೆ ಹತ್ತಾರು ಸಲ ಹುಸಿಯಾಗಿ ಕೂಗುವ ಯಂತ್ರವನ್ನು ಬೇಸತ್ತ ಸಿಬ್ಬಂದಿ ಆರಿಸಿಬಿಡುವ ಸಂಭವವಿರುವುದರಿಂದ, ಕೂಗಿನ ಅರ್ಥವನ್ನು ಬಿಡಿಸಿ ತಿಳಿಯುವ ತರಬೇತಿಯಿಲ್ಲದೆ ಯಂತ್ರವೊಂದೇ ಬಂದರೆ ಅದು ನೆರವಾಗದು.

1999ರ ಮೇ 29ರಂದು ಬಲ್ಗೇರಿಯದ ರೂಸೆ ಎಂಬಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಡ್ಯಾನ್ಯೂಬ್ ನದಿಯ ಸೇತುವೆಯ ಬಳಿ ರೊಮೇನಿಯಕ್ಕೆ ದಾಟಲು ಬಂದ ಕಾರೊಂದರ ಚಾಲಕನ ನಡೆಯಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಏನೋ ಅಸಹಜವೆನಿಸಿತು. ಕಾಗದಪತ್ರಗಳನ್ನು ಜಾಲಾಡಿದಾಗ ಯುರೇನಿಯಂಗೆ ಸಂಬಂಧಿಸಿದ ಪತ್ರವೊಂದು ಸಿಕ್ಕಿತು. ಬಳಿಕ ಕಾರನ್ನು ಪೂರ್ತಿಯಾಗಿ ಶೋಧಿಸಿದಾಗ ಡಿಕ್ಕಿಯಲ್ಲಿದ್ದ ಗಾಳಿಪಂಪಿನೊಳಗೆ ಸೀಸದ ಡಬ್ಬಿಯೂ ಅದರಲ್ಲಿ ಸುಮಾರು 10 ಗ್ರಾಂ ಪುಷ್ಟೀಕರಿಸಿದ ಯುರೇನಿಯಂ ಕೂಡ ಪತ್ತೆಯಾದವು. ಪ್ರಮಾಣ ಚಿಕ್ಕದು, ಆದರೆ ದೊಡ್ಡ ದಾಸ್ತಾನಿನ ಮಾದರಿಯಾಗಿ ತೋರಿಸಲು ತಂದಿರಬಹುದಾದ ಇಂಥ ತುಣುಕುಗಳಿಗೆ ಕಳ್ಳಸಾಗಣೆಯ ಲೋಕದಲ್ಲಿ ದೊಡ್ಡ ಅರ್ಥವಿದೆ. ಆ ಸೀಸದ ಡಬ್ಬಿಯನ್ನು ಹಿಡಿದದ್ದು ಯಾವ ದ್ವಾರಮಾಪಕವೂ ಅಲ್ಲ, ಪ್ರಯಾಣಿಕನ ಮುಖವನ್ನೂ ಕಾಗದವನ್ನೂ ಓದಬಲ್ಲ ಅಧಿಕಾರಿಗಳ ಅನುಭವ.

ಈ ಅನುಭವವನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡ ತರಬೇತಿಗಳಲ್ಲಿ ಅಮೆರಿಕದ ವಾಷಿಂಗ್‌ಟನ್ ರಾಜ್ಯದ ರಿಚ್‌ಲ್ಯಾಂಡ್ ಊರಿನದು ಗಮನಾರ್ಹ. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದ ಹ್ಯಾನ್‌ಫೋರ್ಡ್ ನೆಲೆಯ ಬಳಿಯಲ್ಲೇ ಇರುವ ತರಬೇತಿ ಕೇಂದ್ರದಲ್ಲಿ, 1990ರ ದಶಕದ ಉತ್ತರಾರ್ಧದಿಂದ ಹಲವು ದೇಶಗಳ ಗಡಿ ಅಧಿಕಾರಿಗಳು ಬಂದು, ಅಣಕು ಸುಂಕದ ಕಟ್ಟೆಗಳಲ್ಲಿ ಅಡಗಿಸಿಟ್ಟ ಸರಕನ್ನು ಹುಡುಕುವುದನ್ನು, ಅನುಮಾನ ಬಂದವರನ್ನು ಪ್ರಶ್ನಿಸುವುದನ್ನು, ವಿಕಿರಣ ಕಂಡುಬಂದಾಗ ಸ್ವಂತ ದೇಹವನ್ನು ರಕ್ಷಿಸಿಕೊಳ್ಳುವುದನ್ನು ಕಲಿತು ಹೋಗಿದ್ದಾರೆ. ಬಾಂಬನ್ನು ತಯಾರಿಸಿದ ನೆಲವೇ ಅದರ ಹರಡುವಿಕೆಯನ್ನು ತಡೆಯುವ ಪಾಠಶಾಲೆಯಾದದ್ದು ಇತಿಹಾಸದ ಒಳ್ಳೆಯ ತಿರುವುಗಳಲ್ಲೊಂದು. ಅಮೆರಿಕದ ವಿದೇಶಾಂಗ ಇಲಾಖೆ ನಡೆಸುವ ರಫ್ತು ನಿಯಂತ್ರಣ ಮತ್ತು ಸಂಬಂಧಿತ ಗಡಿ ಭದ್ರತಾ ಕಾರ್ಯಕ್ರಮ ಇಂಥ ತರಬೇತಿಯ ಜೊತೆಗೆ ಕಾನೂನು ರಚನೆಯ ಸಲಹೆ, ಪರವಾನಗಿ ಅರ್ಜಿಗಳನ್ನು ನಿರ್ವಹಿಸುವ ಟ್ರ್ಯಾಕರ್ ಎಂಬ ತಂತ್ರಾಂಶ ಮತ್ತು ತಪಾಸಣಾ ಉಪಕರಣಗಳನ್ನು 60ಕ್ಕೂ ಹೆಚ್ಚು ದೇಶಗಳಿಗೆ ಒದಗಿಸಿದೆ. ಐರೋಪ್ಯ ಒಕ್ಕೂಟಕ್ಕೂ ಇಂಥದೇ ಕಾರ್ಯಕ್ರಮವಿದೆ. ಏಷ್ಯಾದ ದೇಶಗಳ ಅಧಿಕಾರಿಗಳನ್ನು ಒಂದೆಡೆ ಸೇರಿಸುವ ವಿಚಾರಗೋಷ್ಠಿಯನ್ನು ಜಪಾನ್ 1993ರಿಂದ ಟೋಕಿಯೋದಲ್ಲಿ ನಡೆಸುತ್ತಿದೆ.

ಯುರೇನಿಯಂನಿಂದ ಅಲ್ಪಸ್ವಲ್ಪವಾದರೂ ವಿಕಿರಣ ಹೊಮ್ಮುತ್ತದೆ, ಸೆಂಟ್ರಿಫ್ಯೂಜಿನ ಕೊಳವೆಯಿಂದ ಏನೂ ಹೊಮ್ಮುವುದಿಲ್ಲ. ಅಲ್ಯೂಮಿನಿಯಂ ಕೊಳವೆಗಳು ತುಂಬಿದ ಪೆಟ್ಟಿಗೆಯನ್ನು ತೆರೆದು ನೋಡಿದ ಅಧಿಕಾರಿಗೆ ಅದು ತೈಲೋದ್ಯಮಕ್ಕೋ ಅಣುಸ್ಥಾವರಕ್ಕೋ ಎಂದು ಹೇಗೆ ತಿಳಿಯಬೇಕು? ಜಗತ್ತಿನ ಸುಂಕ ಇಲಾಖೆಗಳೆಲ್ಲ ಸರಕನ್ನು ಗುರುತಿಸಲು ಬಳಸುವುದು ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿದ ಆರು ಅಂಕಿಗಳ ಏಕರೂಪದ ಸಂಕೇತಗಳನ್ನು. ಆದರೆ ಅವು ತೆರಿಗೆ ವಸೂಲಿ ಮತ್ತು ವ್ಯಾಪಾರದ ಲೆಕ್ಕಕ್ಕಾಗಿ ಹುಟ್ಟಿದವಾದ್ದರಿಂದ ಅಪಾಯಕರ ವಸ್ತುವೂ ನಿರಪಾಯಕರ ವಸ್ತುವೂ ಒಂದೇ ಸಂಕೇತದಡಿ ಬರುವುದು ಸಾಮಾನ್ಯ. ನಿಯಂತ್ರಣ ಪಟ್ಟಿಗಳ ಭಾಷೆಯಾದರೋ ಲೋಹದ ತಾಳಿಕೆ, ಯಂತ್ರದ ಅಕ್ಷಗಳ ಸಂಖ್ಯೆ, ಕೊರೆತದ ನಿಖರತೆ ಇತ್ಯಾದಿ ಎಂಜಿನಿಯರಿಂಗ್ ಅಳತೆಗಳದ್ದು. ಈ ಎರಡು ಭಾಷೆಗಳ ನಡುವಣ ಕಂದಕವನ್ನು ದಾಟಿಸಲು ಸರಕು ಗುರುತಿಸುವ ತರಬೇತಿ ಎಂಬ ವಿಶೇಷ ಪಾಠಕ್ರಮ ರೂಪುಗೊಂಡಿದ್ದು, ಅದರಲ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಪಂಪು, ಕವಾಟ, ಇಂಗಾಲದ ನಾರು, ಒತ್ತಡ ಮಾಪಕಗಳ ಮಾದರಿಗಳನ್ನು ಅಧಿಕಾರಿಗಳ ಕೈಗೇ ಕೊಟ್ಟು, ಯಾವ ಗುರುತು, ಯಾವ ತೂಕ, ಯಾವ ಬಗೆಯ ಪ್ಯಾಕಿಂಗ್ ಕಂಡರೆ ಅನುಮಾನಪಡಬೇಕೆಂದು ತೋರಿಸುತ್ತಾರೆ. ವಿಶ್ವ ಕಸ್ಟಮ್ಸ್ ಸಂಸ್ಥೆಯೂ ಇದಕ್ಕಾಗಿ ಪ್ರತ್ಯೇಕ ಕೈಪಿಡಿಯೊಂದನ್ನು ಹೊರತಂದು ಹಲವು ಪ್ರದೇಶಗಳಲ್ಲಿ ತರಬೇತುದಾರರನ್ನು ಬೆಳೆಸಿದೆ. ಇಡೀ ನೆರವಿನಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಬೆಲೆಯುಳ್ಳ ಭಾಗ ಇದೆಂದು ಹೇಳಬೇಕು.

ಕಾನೂನಿಲ್ಲದೆ ತಿಳಿವಳಿಕೆಯೂ ನಿಷ್ಫಲವೆಂಬುದನ್ನು ಪಾಕಿಸ್ತಾನದ ಅಣುವಿಜ್ಞಾನಿ ಅಬ್ದುಲ್ ಖದೀರ್ ಖಾನ್ ಅವರ ಕಳ್ಳಸಾಗಣೆ ಜಾಲ ತೋರಿಸಿಕೊಟ್ಟಿತು. 2003ರ ಅಕ್ಟೋಬರಿನಲ್ಲಿ ದುಬೈ ಕಡೆಯಿಂದ ಲಿಬಿಯಕ್ಕೆ ಹೊರಟಿದ್ದ, ಜರ್ಮನ್ ಮಾಲೀಕತ್ವದ ಬಿಬಿಸಿ ಚೈನಾ ಎಂಬ ಹಡಗನ್ನು ಇಟಲಿಯ ತಾರಾಂತೊ ಬಂದರಿಗೆ ತಿರುಗಿಸಿ ಶೋಧಿಸಿದಾಗ ಐದು ಕಂಟೇನರುಗಳಲ್ಲಿ ಸೆಂಟ್ರಿಫ್ಯೂಜಿನ ಬಿಡಿಭಾಗಗಳಿದ್ದವು. ಅವು ತಯಾರಾದದ್ದು ಮಲೇಷ್ಯದ ಕಾರ್ಖಾನೆಯೊಂದರಲ್ಲಿ. ತೈಲ ಮತ್ತು ಅನಿಲ ಉದ್ಯಮಕ್ಕೆಂದು ತಿಳಿದು ಅವನ್ನು ತಯಾರಿಸಿದುದಾಗಿ ಕಾರ್ಖಾನೆ ಹೇಳಿತು. ಮಲೇಷ್ಯದಲ್ಲಿ ಇಂಥ ಸರಕಿನ ರಫ್ತನ್ನು ನಿಯಂತ್ರಿಸುವ ಸಮಗ್ರ ಕಾನೂನು ಆಗ ಇರಲಿಲ್ಲ, ಸರಕು ಹಡಗಿನಿಂದ ಹಡಗಿಗೆ ಬದಲಾಗುತ್ತಿದ್ದ ದುಬೈಯಲ್ಲೂ ಇರಲಿಲ್ಲ. ಯಾವ ಅಧಿಕಾರಿ ಆ ಪೆಟ್ಟಿಗೆಗಳನ್ನು ತೆರೆದು ನೋಡಿದ್ದರೂ ತಡೆಯಲು ಆತನಿಗೆ ಕಾನೂನಿನ ಆಧಾರವೇ ದೊರೆಯುತ್ತಿರಲಿಲ್ಲ. 2004ರ ಫೆಬ್ರವರಿ 4ರಂದು ಖಾನ್ ದೂರದರ್ಶನದಲ್ಲಿ ತಪ್ಪೊಪ್ಪಿಕೊಂಡರು. ಅದೇ ವರ್ಷದ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಸಮೂಹನಾಶಕ ಅಸ್ತ್ರಗಳು ಸರ್ಕಾರೇತರ ಗುಂಪುಗಳ ಕೈಸೇರದಂತೆ ಪ್ರತಿಯೊಂದು ದೇಶವೂ ಕಾನೂನು ಮಾಡಬೇಕು, ಗಡಿಯಲ್ಲಿ ನಿಯಂತ್ರಣವಿರಬೇಕು, ರಫ್ತಿನ ಜೊತೆಗೆ ಸರಕು ಹಾದುಹೋಗುವುದನ್ನೂ ಹಡಗು ಬದಲಾಯಿಸುವುದನ್ನೂ ದಲ್ಲಾಳಿಗಳ ವ್ಯವಹಾರವನ್ನೂ ಹಣಕಾಸನ್ನೂ ನಿಯಂತ್ರಿಸಬೇಕು ಎಂದು ಈ ನಿರ್ಣಯ ವಿಧಿಸುತ್ತದೆ. ಕೂಟಗಳ ಸದಸ್ಯರಿಗಷ್ಟೇ ಅನ್ವಯವಾಗುತ್ತಿದ್ದ ಶಿಸ್ತು ಇದರಿಂದ ಎಲ್ಲ ರಾಷ್ಟ್ರಗಳ ಕರ್ತವ್ಯವಾಯಿತು. ಹದಿನೈದು ರಾಷ್ಟ್ರಗಳ ಮಂಡಳಿಯೊಂದು ಇಡೀ ಜಗತ್ತಿಗೆ ಶಾಸನ ಮಾಡುವುದು ಸರಿಯೇ ಎಂಬ ಆಕ್ಷೇಪವನ್ನು ಭಾರತವೂ ಸೇರಿ ಹಲವು ದೇಶಗಳು ಆಗ ಎತ್ತಿದ್ದವು, ಆ ಆಕ್ಷೇಪದಲ್ಲಿ ತಿರುಳಿತ್ತು. ನಿರ್ಣಯವನ್ನು ಸಹ್ಯವಾಗಿಸಿದ್ದು ಅದರ ಏಳನೇ ಪರಿಚ್ಛೇದ: ಇದನ್ನೆಲ್ಲ ಮಾಡುವ ಶಕ್ತಿಯಿಲ್ಲದ ದೇಶ ಕೇಳಿಕೊಂಡರೆ ಶಕ್ತಿಯುಳ್ಳವರು ನೆರವಾಗಬೇಕೆಂಬ ಕರೆ ಅದರಲ್ಲಿದೆ. ನಿರ್ಣಯದ ಪಾಲನೆಯನ್ನು ನೋಡಿಕೊಳ್ಳುವ 1540 ಸಮಿತಿಯ ಬಳಿ ಹಂಚಲು ದೊಡ್ಡ ನಿಧಿಯೇನೂ ಇಲ್ಲ. ಕೇಳುವವರನ್ನೂ ಕೊಡುವವರನ್ನೂ ಕೂಡಿಸುವುದೇ ಅದರ ಕೆಲಸ. ಸಂಯುಕ್ತ ಅರಬ್ ಎಮಿರೇಟ್ಸ್ 2007ರಲ್ಲೂ ಮಲೇಷ್ಯ 2010ರಲ್ಲೂ ಸಮಗ್ರ ಕಾನೂನುಗಳನ್ನು ತಂದವು, ಅನೇಕ ಸಣ್ಣ ದೇಶಗಳು ನೆರವಿನೊಂದಿಗೆ ಅದೇ ದಾರಿಯಲ್ಲಿ ನಡೆದವು.

ಈ ಕಥನದಲ್ಲಿ ಭಾರತದ ಸ್ಥಾನ ವಿಶಿಷ್ಟವಾದುದು, ಏಕೆಂದರೆ ರಫ್ತು ನಿಯಂತ್ರಣದ ಕಹಿಯನ್ನು ಉಂಡ ಮೇಲೆ ಅದರ ಹೊಣೆಯನ್ನು ಒಪ್ಪಿಕೊಂಡ ದೇಶ ಇದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ 1991ರಲ್ಲಿ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಕ್ರಯೋಜೆನಿಕ್ ಎಂಜಿನ್ನಿಗಾಗಿ, ಅಂದರೆ ಅತಿಶೀತಲ ದ್ರವ ಇಂಧನದಿಂದ ಉರಿಯುವ ರಾಕೆಟ್ ಎಂಜಿನ್ನಿಗಾಗಿ ಒಪ್ಪಂದ ಮಾಡಿಕೊಂಡಾಗ, ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅದರ ಅಧ್ಯಕ್ಷರಾಗಿದ್ದರು. ಕ್ಷಿಪಣಿ ಕೂಟದ ನಿಯಮಗಳನ್ನು ಮುಂದೊಡ್ಡಿ ಅಮೆರಿಕ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು; ಮರುವರ್ಷ ರಷ್ಯಾ ತಂತ್ರಜ್ಞಾನದ ವರ್ಗಾವಣೆಯಿಂದ ಹಿಂದೆ ಸರಿದು ಎಂಜಿನ್ನುಗಳನ್ನಷ್ಟೇ ಕೊಡಲು ಒಪ್ಪಿತು. ಇಂಧನ ತುಂಬಲು ಬಹಳ ಹೊತ್ತು ಹಿಡಿಯುವ ಇಂಥ ಎಂಜಿನ್ನು ಯುದ್ಧದ ಕ್ಷಿಪಣಿಗೆ ಒಗ್ಗುವಂಥದ್ದೇ ಅಲ್ಲವಾದ್ದರಿಂದ ಆ ನಿರ್ಬಂಧ ನ್ಯಾಯವಾದುದಾಗಿರಲಿಲ್ಲ. ಭಾರತದ ರಾಕೆಟ್ ಸ್ವಂತ ಕ್ರಯೋಜೆನಿಕ್ ಎಂಜಿನ್ನಿನೊಂದಿಗೆ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಅಷ್ಟರೊಳಗೆ ಭಾರತ 2005ರಲ್ಲಿ ಸಮೂಹನಾಶಕ ಅಸ್ತ್ರಗಳ ಕಾಯಿದೆಯನ್ನು ತಂದಿತ್ತು, 2008ರಲ್ಲಿ ಪರಮಾಣು ಪೂರೈಕೆದಾರರ ಗುಂಪಿನಿಂದ ವಿಶೇಷ ವಿನಾಯಿತಿ ಪಡೆದಿತ್ತು, 2011ರಲ್ಲಿ ಇಸ್ರೋದ ಹಲವು ಘಟಕಗಳ ಹೆಸರು ಅಮೆರಿಕದ ನಿರ್ಬಂಧ ಪಟ್ಟಿಯಿಂದ ಹೊರಬಂದಿತ್ತು. 2016ರಲ್ಲಿ ಕ್ಷಿಪಣಿ ಕೂಟವನ್ನೂ 2017ರಲ್ಲಿ ವಾಸೆನಾರ್ ಒಪ್ಪಂದವನ್ನೂ 2018ರಲ್ಲಿ ಆಸ್ಟ್ರೇಲಿಯಾ ಗುಂಪನ್ನೂ ಭಾರತ ಸೇರಿತು.

ಭಾರತದ ನಿಯಂತ್ರಣ ಪಟ್ಟಿಗೆ ಸ್ಕೋಮೆಟ್ ಎಂದು ಹೆಸರು. ವಿಶೇಷ ರಾಸಾಯನಿಕ, ಜೀವಾಣು, ಸಾಮಗ್ರಿ, ಉಪಕರಣ ಮತ್ತು ತಂತ್ರಜ್ಞಾನಗಳು ಅದರಲ್ಲಿ ಸೇರಿವೆ. ಪರವಾನಗಿ ಅರ್ಜಿಗಳಲ್ಲಿ ಹೆಚ್ಚಿನವನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಸ್ವೀಕರಿಸಿದರೆ, ಬೇರೆ ಬೇರೆ ಸಚಿವಾಲಯಗಳ ತಜ್ಞರ ಗುಂಪೊಂದು ಅವನ್ನು ಪರಿಶೀಲಿಸುತ್ತದೆ. ಈ ಪಟ್ಟಿ ಕರ್ನಾಟಕಕ್ಕೆ ತೀರ ಹತ್ತಿರದ್ದು. ವಿಮಾನದ ಬಿಡಿಭಾಗಗಳನ್ನು ಕೊರೆದು ಕೊಡುವ ಪೀಣ್ಯದ ಸಣ್ಣ ಕಾರ್ಖಾನೆಗೂ, ಸೂಕ್ಷ್ಮಜೀವಿಗಳ ಜೊತೆ ಕೆಲಸ ಮಾಡುವ ಜೈವಿಕ ತಂತ್ರಜ್ಞಾನ ಸಂಸ್ಥೆಗೂ ಇದು ಅನ್ವಯಿಸಬಹುದು. ಪಟ್ಟಿಯಲ್ಲಿರುವ ತಂತ್ರಜ್ಞಾನದ ನಕ್ಷೆಯೊಂದನ್ನು ಬೆಂಗಳೂರಿನ ವಿನ್ಯಾಸ ಕೇಂದ್ರದಲ್ಲಿ ಕುಳಿತ ಎಂಜಿನಿಯರ್ ಇ-ಮೇಲ್ ಮೂಲಕ ವಿದೇಶಕ್ಕೆ ಕಳಿಸಿದರೂ ಅದು ರಫ್ತೇ. ಯಾವ ಸುಂಕದ ಕಟ್ಟೆಯನ್ನೂ ಹಾಯದ ಈ ಬಗೆಯನ್ನು ಅಮೂರ್ತ ವರ್ಗಾವಣೆ ಎನ್ನುತ್ತಾರೆ. ಇದನ್ನು ತಡೆಯಲು ಯಾವ ಗಡಿಕಾವಲೂ ನೆರವಾಗದು, ಉದ್ಯಮದ ಒಳಗಿನ ಅರಿವೊಂದೇ ನೆರವಾಗುತ್ತದೆ.

ಗಡಿಯ ಪರಿಶೀಲನೆಯಲ್ಲಿ ಭಾರತೀಯ ಅಧಿಕಾರಿಗಳಿಗೂ ದೊಡ್ಡ ಅನುಭವವಿದೆ. 1999ರ ಜೂನಿನಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಸಕ್ಕರೆ ಇಳಿಸಲು ಬಂದ ಉತ್ತರ ಕೊರಿಯದ ಕುವೊಲ್ಸನ್ ಹಡಗಿನಲ್ಲಿ ನೀರು ಶುದ್ಧೀಕರಿಸುವ ಯಂತ್ರಗಳೆಂದು ಬರೆದಿದ್ದ, ಮಾಲ್ಟಾಕ್ಕೆ ಹೋಗಬೇಕಿದ್ದ ಪೆಟ್ಟಿಗೆಗಳಿದ್ದವು. ಕಸ್ಟಮ್ಸ್ ಸಿಬ್ಬಂದಿ ಹಡಗಿನವರ ಪ್ರತಿರೋಧವನ್ನು ಲೆಕ್ಕಿಸದೆ ಅವನ್ನು ತೆರೆಸಿದಾಗ ಸಿಕ್ಕಿದ್ದು ಸ್ಕಡ್ ಬಗೆಯ ಕ್ಷಿಪಣಿಗಳ ಬಿಡಿಭಾಗ, ತಯಾರಿಕಾ ಯಂತ್ರ ಮತ್ತು ನಕ್ಷೆಗಳು. 2020ರ ಫೆಬ್ರವರಿಯಲ್ಲಿ ಅದೇ ಬಂದರಿನಲ್ಲಿ, ಚೀನಾದಿಂದ ಕರಾಚಿಯ ಕಡೆಗೆ ಹೊರಟಿದ್ದ ಹಡಗಿನಲ್ಲಿ ಕೈಗಾರಿಕಾ ಒಣಗುಯಂತ್ರವೆಂದು ನಮೂದಿಸಿದ್ದ ಸರಕನ್ನು ತಡೆದು ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳನ್ನು ಕರೆಸಲಾಯಿತು. ಅದು ಕ್ಷಿಪಣಿ ಮೋಟಾರಿನ ತಯಾರಿಕೆಗೂ ಒದಗುವ ಆಟೋಕ್ಲೇವ್, ಅಂದರೆ ಶಾಖ ಮತ್ತು ಒತ್ತಡದಲ್ಲಿ ವಸ್ತುವನ್ನು ಹದಗೊಳಿಸುವ ದೊಡ್ಡ ಕೊಪ್ಪರಿಗೆ ಎಂದು ಅವರು ತೀರ್ಮಾನಿಸಿದರು. ಚೀನಾ ಅದು ಬರಿಯ ಕೈಗಾರಿಕಾ ಕುಲುಮೆಯ ಭಾಗವೆಂದು ವಾದಿಸಿತು. ಒಂದೇ ಉಪಕರಣದ ಬಗ್ಗೆ ಎರಡು ಸರ್ಕಾರಗಳು ಹೀಗೆ ಜಗಳವಾಡುವಾಗ, ಕರೆದ ಕೂಡಲೇ ಬಂದರಿಗೆ ಬಂದು ನೋಡಿ ಹೇಳಬಲ್ಲ ವಿಜ್ಞಾನಿಗಳಿರುವ ದೇಶಕ್ಕೂ ಅಂಥವರಿಲ್ಲದ ದೇಶಕ್ಕೂ ಇರುವ ಅಂತರ ದೊಡ್ಡದು. ಈ ಪರಿಣತಿಯ ಎರವಲೇ ನೆರವಿನ ನಿಜವಾದ ಒಳತಿರುಳಾಗಬೇಕು.

ಎಲ್ಲ ನೆರವೂ ಹೀಗೆ ತಿರುಳಿನ ಕಡೆಗೆ ಹೋಗಿಲ್ಲ. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಲೆಕ್ಕಪರಿಶೋಧನಾ ಕಚೇರಿ 2002ರಲ್ಲಿ ಹೊರತಂದ ವರದಿಯ ಪ್ರಕಾರ, ಅಣು ಕಳ್ಳಸಾಗಣೆ ತಡೆಯಲು ಆ ದೇಶದ ಆರು ಇಲಾಖೆಗಳು ಸುಮಾರು 30 ದೇಶಗಳಿಗೆ ನೆರವು ಕೊಡುತ್ತಿದ್ದರೂ ಅವುಗಳ ನಡುವೆ ಹೊಂದಾಣಿಕೆಯಿರಲಿಲ್ಲ. ಒಂದು ಇಲಾಖೆ ನಿಲ್ಲಿಸಿದ ಮಾಪಕಗಳು ಇನ್ನೊಂದರವುಗಳಷ್ಟು ಸೂಕ್ಷ್ಮವಾಗಿರಲಿಲ್ಲ. ಲಿಥುವೇನಿಯಕ್ಕೆ ಕಳಿಸಿದ ದ್ವಾರಮಾಪಕವೊಂದು, ಅದಕ್ಕೆ ಹೊಸ ವಿದ್ಯುತ್ ತಂತಿ ಎಳೆಯಬೇಕೋ ಬೇಡವೋ ಎಂಬ ವಾದ ಬಗೆಹರಿಯದೆ ಸುಮಾರು ಎರಡು ವರ್ಷ ರಾಯಭಾರ ಕಚೇರಿಯ ನೆಲಮಾಳಿಗೆಯಲ್ಲೇ ಉಳಿಯಿತು. ಅನುದಾನ ಕೊಟ್ಟವರ ದಾಖಲೆಯಲ್ಲಿ ಇಂಥ ಯಂತ್ರ ಸಾಧನೆಯಾಗಿ ಎಣಿಕೆಯಾಗಬಹುದು, ಗಡಿಗೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ತರಬೇತಿ ಪಡೆದ ಅಧಿಕಾರಿ ಬೇರೆಡೆಗೆ ವರ್ಗವಾಗುವುದು, ಬಿಡಿಭಾಗಕ್ಕೂ ಇಂಧನಕ್ಕೂ ಬಜೆಟ್ಟಿನಲ್ಲಿ ಹಣವಿಲ್ಲದಿರುವುದು, ಸಂಬಳ ಸಾಲದೆ ಲಂಚಕ್ಕೆ ಕೈಯೊಡ್ಡುವುದು ಇವು ಪತ್ತೆಯಂತ್ರದಿಂದ ಪರಿಹಾರವಾಗುವ ತೊಂದರೆಗಳಲ್ಲ. ಪಡೆಯುವ ದೇಶದ ಆದ್ಯತೆಯ ಪ್ರಶ್ನೆಯೂ ಇದೆ: ಅಫ್ಘಾನಿಸ್ತಾನದಿಂದ ಹರಿದುಬರುವ ಮಾದಕವಸ್ತುವಿನಿಂದ ತತ್ತರಿಸುವ ತಾಜಿಕಿಸ್ತಾನಕ್ಕೆ ಸೆಂಟ್ರಿಫ್ಯೂಜಿನ ಕೊಳವೆ ದೂರದ ಮಾತು. ಅದೇ ಗಡಿಠಾಣೆ, ಅದೇ ತಪಾಸಣೆ ಮಾದಕವಸ್ತುವನ್ನೂ ಸುಂಕಗಳ್ಳತನವನ್ನೂ ಹಿಡಿಯಲು ಒದಗಿದಾಗ ಮಾತ್ರ ಅಂಥ ದೇಶ ಈ ವ್ಯವಸ್ಥೆಯನ್ನು ತನ್ನದೆಂದು ಉಳಿಸಿಕೊಳ್ಳುತ್ತದೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದ ಮೇಲೆ ಈ ನೆರವಿಗೆ ಹೊಸದೊಂದು ಒತ್ತಡ ಬಂದಿದೆ. ರಷ್ಯಾದ ಕ್ಷಿಪಣಿ ಮತ್ತು ಡ್ರೋನ್‌ಗಳಲ್ಲಿ ಸಿಗುವ ಪಾಶ್ಚಾತ್ಯ ಚಿಪ್‌ಗಳು ಮೂರನೆಯ ದೇಶಗಳ ಮೂಲಕ ಸಾಗುತ್ತಿರುವುದನ್ನು ತಡೆಯಲು ಅಮೆರಿಕ, ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಜಪಾನ್ ಸೇರಿ 50 ಕಸ್ಟಮ್ಸ್ ಸಂಕೇತಗಳ ಆದ್ಯತಾ ಪಟ್ಟಿಯೊಂದನ್ನು ಮಾಡಿ, ಮಧ್ಯ ಏಷ್ಯಾ ಮತ್ತು ಕಾಕಸಸ್ ದೇಶಗಳು ಅದನ್ನು ಪಾಲಿಸಬೇಕೆಂದು ಒತ್ತಾಯಿಸುತ್ತಿವೆ. ಉಕ್ರೇನಿನ ನಗರಗಳ ಮೇಲೆ ಬೀಳುವ ಕ್ಷಿಪಣಿಯೊಳಗಿನ ಚಿಪ್ಪನ್ನು ತಡೆಯುವುದು ಅತ್ಯಗತ್ಯವಾದ ಕೆಲಸವೇ. ಆದರೆ ಎಲ್ಲ ರಾಷ್ಟ್ರಗಳಿಗೂ ಅನ್ವಯಿಸುವ ಅಸ್ತ್ರಪ್ರಸರಣ ತಡೆಯೂ ಕೆಲವು ರಾಷ್ಟ್ರಗಳು ಹೇರಿದ ನಿರ್ಬಂಧಗಳೂ ಒಂದೇ ಅಲ್ಲ. ಎರಡನ್ನೂ ಒಂದೇ ಕಾರ್ಯಕ್ರಮದಡಿ ಬೆರೆಸಿದರೆ, ತರಬೇತುದಾರನ ಹಿಂದೆ ರಾಜಕೀಯವಿದೆಯೆಂಬ ಸಂಶಯ ಮೂಡಿ ಮೊದಲನೆಯದಕ್ಕಿದ್ದ ಒಮ್ಮತವೂ ಕೆಡುವ ಅಪಾಯವಿದೆ. ಒಬ್ಬರೇ ದೊಡ್ಡ ದಾನಿಯನ್ನು ನೆಚ್ಚಿಕೊಳ್ಳುವುದು ಎಷ್ಟು ಅಭದ್ರವೆಂಬುದು 2025ರ ಜನವರಿಯಲ್ಲಿ, ಅಮೆರಿಕ ತನ್ನ ವಿದೇಶಿ ಅಭಿವೃದ್ಧಿ ನೆರವನ್ನು ಮರುಪರಿಶೀಲನೆಗಾಗಿ 90 ದಿನಗಳ ಕಾಲ ತಡೆಹಿಡಿದಾಗ ಎಲ್ಲರಿಗೂ ಮನವರಿಕೆಯಾಯಿತು.

ಭಾರತದಂಥ ದೇಶ ಮುಂದೆ ಬರಬೇಕಾದದ್ದು ಇಲ್ಲಿಯೇ. ನಿರಾಕರಣೆಯ ನೋವನ್ನೂ ನಿಯಂತ್ರಣದ ಅಗತ್ಯವನ್ನೂ ಎರಡನ್ನೂ ಬಲ್ಲ ದೇಶದ ಮಾತಿಗೆ ಏಷ್ಯಾ ಮತ್ತು ಆಫ್ರಿಕಾದ ಸಣ್ಣ ರಾಷ್ಟ್ರಗಳು ಹೆಚ್ಚು ವಿಶ್ವಾಸದಿಂದ ಕಿವಿಗೊಡುತ್ತವೆ. ಹರಿಯಾಣದ ಬಹಾದೂರ್‌ಗಢದಲ್ಲಿರುವ ಪರಮಾಣು ಸಹಭಾಗಿತ್ವದ ಜಾಗತಿಕ ಕೇಂದ್ರ ಈಗಾಗಲೇ ವಿದೇಶಿ ತಜ್ಞರಿಗೆ ಅಣುಭದ್ರತೆಯ ತರಬೇತಿ ಕೊಡುತ್ತಿದೆ. ಯಂತ್ರೋಪಕರಣ, ವೈಮಾನಿಕ ಮತ್ತು ಬಾಹ್ಯಾಕಾಶ ತಂತ್ರಜ್ಞಾನದ ಪರಿಣತರು ಒಂದೇ ನಗರದಲ್ಲಿ ನೆರೆದಿರುವ ಬೆಂಗಳೂರಿನಲ್ಲಿ ಸರಕು ಗುರುತಿಸುವ ತರಬೇತಿಗೆ ಇಂಥದೇ ಕೇಂದ್ರವೊಂದನ್ನು ತೆರೆದು, ನೆರೆಯ ದೇಶಗಳ ಕಸ್ಟಮ್ಸ್ ಅಧಿಕಾರಿಗಳನ್ನೂ ನಾಡಿನ ಸಣ್ಣ ಉದ್ಯಮಿಗಳನ್ನೂ ಅಲ್ಲಿಗೆ ಕರೆಸಿಕೊಳ್ಳುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಆಗಲೇಬೇಕಾದ ಕೆಲಸ. 1540 ಸಮಿತಿಯ ಈಗಿನ ಅವಧಿ 2032ರ ನವೆಂಬರ್ 30ಕ್ಕೆ ಮುಗಿಯುತ್ತದೆ. ಆ ದಿನಾಂಕಕ್ಕೆ ಮೊದಲೇ ಇದು ಆರಂಭವಾಗಬೇಕು.